ಮಾಪನಮೀಮಾಂಸೆ: ಹುಲಗೂರಿನ ಒಂದು ಎರೆಹೊಲವನ್ನು ಕುರಿತು

ಪೀಠಿಕೆ

ಸತ್ಯವೆಂಬುದು ಇದೆಯೋ ಇಲ್ಲವೋ ಎಂಬ ವಿವಾದವನ್ನು ದಾರ್ಶನಿಕರು ಇಂದಿಗೂ ಇತ್ಯರ್ಥಪಡಿಸಿಲ್ಲವಾದರೂ, ಇದ್ದ ಪಕ್ಷದಲ್ಲಿ ಅದು ಎಷ್ಟಿದೆ, ಯಾವ ನಮೂನೆಯ ಯಾವ ಅಂಕಣದಲ್ಲಿ ಅದನ್ನು ತುಂಬತಕ್ಕದ್ದು, ತುಂಬಿದವನ ಸಹಿಯ ಮೇಲೆ ಮೊಹರು ಬಿದ್ದಿದೆಯೋ ಇಲ್ಲವೋ ಎಂಬೀ ವಿಷಯಗಳಲ್ಲಿ ನಮ್ಮ ಕಾಲದ ವಿದ್ವಜ್ಜನರಿಗೆ ಲೇಶಮಾತ್ರವೂ ಸಂದೇಹವುಳಿದಿಲ್ಲ. ಹೀಗಿರಲು, ಶಿಗ್ಗಾವಿ ತಾಲೂಕಿನ ಹುಲಗೂರು ಸೀಮೆಯ ಒಂದು ಎರೆಹೊಲವನ್ನು ದೃಷ್ಟಾಂತವಾಗಿಟ್ಟುಕೊಂಡು, ನಾನಾ ಶಾಸ್ತ್ರಗಳಲ್ಲಿ ಪ್ರಚಲಿತವಾಗಿರುವ ಅಳತೆ ಮತ್ತು ಮೌಲ್ಯಮಾಪನದ ವಿಧಾನಗಳನ್ನು ಕ್ರಮವಾಗಿ ವಿವೇಚಿಸುವುದೇ ಪ್ರಕೃತ ಪ್ರಬಂಧದ ಪ್ರಯೋಜನ. ಈ ಹೊಲವನ್ನೇ ಆರಿಸಿಕೊಂಡುದಕ್ಕೆ ಹೇತುವೇನೆಂದರೆ, ಅದನ್ನು ಅಳೆಯದ ಇಲಾಖೆಯಿಲ್ಲ. ಅಳತೆಯ ದೆಸೆಯಿಂದ ಅದರಲ್ಲಿ ಒಂದು ತೆನೆ ಹೆಚ್ಚಿಗೆ ಬಂದುದಕ್ಕೆ ಆಧಾರವೂ ಇಲ್ಲ.

ಲಕ್ಷಣ

ಯಾವ ವ್ಯಾಪಾರದಿಂದ ಕಣ್ಣೆದುರಿಗಿರುವ ವಸ್ತುವು ಅಂಕೆಯಾಗಿ, ಅಂಕೆಯು ಹಾಳೆಯಾಗಿ, ಹಾಳೆಯು ಕಡತವಾಗಿ, ಕಡತವು ಬೇಕಾದಾಗ ಸಿಕ್ಕದಂತಾಗುವುದೋ ಆ ವ್ಯಾಪಾರವೇ ಮಾಪನ. ಇದಕ್ಕೆ ಮೂರು ಅಂಗಗಳು: ಅಳೆಯುವ ಮಾಪಕ, ಅಳೆಯುವ ಸಾಧನವಾದ ಮಾನ, ಅಳೆಯಲ್ಪಡುವ ಮೇಯ. ಇವುಗಳಲ್ಲಿ ಮೊದಲನೆಯದಕ್ಕೆ ಪ್ರವಾಸಭತ್ಯೆ ಅವಶ್ಯ; ಎರಡನೆಯದಕ್ಕೆ ಟೆಂಡರು ಅವಶ್ಯ; ಮೂರನೆಯದರ ಹಾಜರಿ ಐಚ್ಛಿಕ.

ಸಮಸ್ತ ಮಾಪನಗಳಿಗೂ ಸಾಮಾನ್ಯವಾದ ಒಂದು ನಿಯಮವನ್ನು ಇಲ್ಲಿಯೇ ಪ್ರತಿಪಾದಿಸಿಬಿಡುವುದು ಯುಕ್ತ. ಮಾಪಕನು ಮೇಯದಿಂದ ದೂರ ಸರಿದಷ್ಟೂ ಅವನ ಅಂಕೆಯಲ್ಲಿ ದಶಾಂಶಸ್ಥಾನಗಳು ಹೆಚ್ಚುತ್ತವೆ. ಹೊಲದಲ್ಲಿ ನಿಂತ ಒಕ್ಕಲಿಗನು ‘ಗೇಣುದ್ದ ಹಸಿ ಐತಿ’ ಎನ್ನುವನು. ರಾಜಧಾನಿಯಲ್ಲಿ ಕುಳಿತವನು ಅದನ್ನೇ ಎರಡು ದಶಾಂಶಗಳವರೆಗೆ ಬಲ್ಲನು. ಇದಕ್ಕೆ ‘ದಶಾಂಶನಿಯಮ’ವೆಂದು ಹೆಸರಿಟ್ಟಿದ್ದೇನೆ.

ಮಾಪನವು ಅಷ್ಟವಿಧ: ಭೂಮಾಪನ, ವೃಷ್ಟಿಮಾಪನ, ಫಲಮಾಪನ, ವಿದ್ವನ್ಮಾಪನ, ಸಂಸ್ಥಾಮಾಪನ, ಜನಾಭಿಪ್ರಾಯಮಾಪನ, ಆನಂದಮಾಪನ ಮತ್ತು ಮಾಪನಮಾಪನ.

ಪ್ರಥಮ ಪ್ರಕರಣ: ಭೂಮಾಪನ

ಈ ಸೀಮೆಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಆಂಗ್ಲ ಅಧಿಕಾರಿಗಳು 1847ರ ಜಾಯಿಂಟ್ ರಿಪೋರ್ಟಿನಲ್ಲಿ ಸ್ಥಿರಪಡಿಸಿದ ಪದ್ಧತಿಯಂತೆ, 33 ಅಡಿಯ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಿ, ಸರಪಳಿಯ ಚೌಕವೊಂದನ್ನು ಗುಂಟೆಯೆಂದೂ 40 ಗುಂಟೆಗಳನ್ನು ಎಕರೆಯೆಂದೂ ಎಣಿಸಿ, ಮಣ್ಣನ್ನು ಒಂಬತ್ತು ತರಗತಿಗಳಾಗಿ ವಿಂಗಡಿಸಿ, ಒಂದೂಮುಕ್ಕಾಲು ಮೊಳ ಆಳವಿರುವ ಉತ್ತಮ ಎರೆಗೆ 16 ಆಣೆಯಿಂದ ಮೊದಲ್ಗೊಂಡು ಅತ್ಯಂತ ಕನಿಷ್ಠವಾದ ಮಣ್ಣಿಗೆ 2 ಆಣೆಯವರೆಗೆ ಬೆಲೆ ಕಟ್ಟಲಾಯಿತು. ಸುಣ್ಣಕಲ್ಲು, ಮರಳು, ಇಳಿಜಾರು, ನೀರಿನ ಕೊರೆತ, ಒಸರು ಮುಂತಾದವು ದೋಷಗಳು. ಒಂದೊಂದು ದೋಷಕ್ಕೂ ಹೊಲವು ಒಂದೊಂದು ತರಗತಿ ಕೆಳಗಿಳಿಯತಕ್ಕದ್ದು. ತರಗತಿ ಇಳಿದಷ್ಟೂ ಕಂದಾಯ ಇಳಿಯುತ್ತಿದ್ದುದರಿಂದ, ತಂದೆ ಬಿಟ್ಟುಹೋದ ಭೂಮಿಯಲ್ಲಿ ದೋಷ ಕಂಡುಬಂದಿತೆಂದು ರೈತನು ಒಳಗೊಳಗೇ ಹಿಗ್ಗುತ್ತಿದ್ದಿರಬೇಕು. ಮಾಪನಶಾಸ್ತ್ರದ ಸಮಗ್ರ ಇತಿಹಾಸದಲ್ಲಿ ಕಡಿಮೆ ಅಂಕ ಪಡೆದವನಿಗೆ ಅನುಕೂಲವಾದ ಕಾಲವು ಬಹುಶಃ ಅದೊಂದೇ.

ಈ ಪದ್ಧತಿಯು ಪರದೇಶದ ಸರಕಾರವು ತನ್ನ ಬೊಕ್ಕಸವನ್ನು ತುಂಬಿಕೊಳ್ಳಲು ಹೂಡಿದುದೆಂಬುದನ್ನು ಮರೆಯತಕ್ಕದ್ದಲ್ಲ. ಆದರೂ ಅದರ ಗುಮಾಸ್ತನು ಹೊಲಕ್ಕೆ ಬರಬೇಕಾಗಿದ್ದಿತು, ಹೊಲವನ್ನು ತುಂಡುತುಂಡಾಗಿ ಗುರುತಿಸಿ ನೆಲವನ್ನು ಅಗೆದು ಮಣ್ಣಿನ ಆಳ ನೋಡಬೇಕಾಗಿದ್ದಿತು. ಅವನ ಉಗುರಿನ ಸಂದಿಯಲ್ಲಿ ಎರೆಮಣ್ಣು ಸೇರಿಕೊಂಡಿದ್ದಿತು. ದಶಾಂಶಗಳೇ ಇಲ್ಲದ ಆ ಕಾಲದ ಈ ನ್ಯೂನತೆಯನ್ನು ಆಮೇಲಿನವರು ಸರಿಪಡಿಸಿದರು.

ದ್ವಿತೀಯ ಪ್ರಕರಣ: ವೃಷ್ಟಿಮಾಪನ

ಒಂದು ದಿನದಲ್ಲಿ 2.5 ಮಿಲಿಮೀಟರು ಅಥವಾ ಅದಕ್ಕೆ ಮಿಕ್ಕಿ ಬಿದ್ದರೆ ಆ ದಿನವು ಹವಾಮಾನ ಇಲಾಖೆಯ ಪ್ರಕಾರ ಮಳೆಯ ದಿನ, 2.4 ಬಿದ್ದರೆ, ನೆನೆದವನು ಭ್ರಾಂತಿಗೊಳಗಾದವನು. ಒಕ್ಕಲಿಗನಾದರೋ ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಗಳಿಗೆ ಹೆಸರಿಟ್ಟು, ಬಿತ್ತಿಗೆಗೆ ಹದವಾಯಿತೇ ಇಲ್ಲವೇ ಎಂದಿಷ್ಟೇ ಕೇಳುವನು. ಹದವೆಂಬುದನ್ನು ಅಳೆಯುವ ಯಂತ್ರವು ಅವನ ಅಂಗಾಲು. ಅದಕ್ಕೆ ಕ್ರಮಾಂಕವಿಲ್ಲವಾದ ಕಾರಣ ಪ್ರಕರಣವನ್ನು ಇಲ್ಲಿಗೆ ಮುಗಿಸಲಾಗಿದೆ.

ತೃತೀಯ ಪ್ರಕರಣ: ಫಲಮಾಪನ

ಬೆಳೆ ಕಟಾವು ಪ್ರಯೋಗವೆಂಬುದು ಸಂಖ್ಯಾಶಾಸ್ತ್ರದ ಶುದ್ಧಾಂಗವಾದ ಸಂತಾನವೆಂಬುದರಲ್ಲಿ ಸಂಶಯವಿಲ್ಲ. ಸುಖಾತ್ಮೆ, ಪಾನ್ಸೆ, ಮಹಾಲನೋಬಿಸ್ ಅವರಂಥ ಮೇಧಾವಿಗಳು ಅದಕ್ಕಾಗಿ ಶ್ರಮಿಸಿದ್ದಾರೆ. ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದಿಂದ ಸರ್ವೆ ನಂಬರನ್ನು ಆಯ್ದು, ಹೊಲದ ನೈರುತ್ಯ ಮೂಲೆಯಿಂದ ಹೆಜ್ಜೆಗಳನ್ನೆಣಿಸಿ, 5 ಮೀಟರು ಉದ್ದ 5 ಮೀಟರು ಅಗಲದ ಚೌಕವನ್ನು ಹಗ್ಗದಿಂದ ಕಟ್ಟಿ, ಅದರೊಳಗಿನ ಬೆಳೆಯನ್ನು ಕೊಯ್ದು, ಒಕ್ಕಿ, ತೂಗತಕ್ಕದ್ದು. 2016ರಲ್ಲಿ ಪ್ರವರ್ತಿತವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹಿಂದಿನ ಏಳು ವರ್ಷಗಳ ಪೈಕಿ ಉತ್ತಮವಾದ ಐದರ ಸರಾಸರಿಯಿಂದ ಒಂದು ಮಿತಿಯನ್ನು ನಿಗದಿಮಾಡಿ, ಇಂತಹ ಚೌಕಗಳಿಂದ ಬಂದ ಇಳುವರಿಯು ಆ ಮಿತಿಗಿಂತ ಎಷ್ಟು ಕಡಿಮೆಯೋ ಅದರ ಮೇಲೆ ಪರಿಹಾರವನ್ನು ಗುಣಿಸುತ್ತಾರೆ. ಮುಖ್ಯ ಬೆಳೆಗಳಿಗೆ ಘಟಕವು ಗ್ರಾಮ ಪಂಚಾಯಿತಿ. ಆದುದರಿಂದ ಹಳ್ಳದ ದಂಡೆಯವನ ಗೋವಿನಜೋಳ ಕೊಳೆತು, ದಿಬ್ಬದ ಮೇಲಿನವನದು ತೆನೆಗಟ್ಟಿದ್ದರೆ, ಇಬ್ಬರೂ ಶಾಸ್ತ್ರದೃಷ್ಟಿಯಿಂದ ಮಧ್ಯಮ ಸುಖಿಗಳು.

ವಿಧಾನ ನಿರ್ದುಷ್ಟವಾದುದು, ನಡೆಯುವ ರೀತಿ ಬೇರೆ. ಒಂದು ಊರಿನಲ್ಲಿ, ಅದು ಯಾವುದೆಂದು ಹೇಳುವ ಅಗತ್ಯವಿಲ್ಲ, ಹಗ್ಗ ಬಿಚ್ಚದೆ, ಕುಡುಗೋಲು ತಾಗಿಸದೆ, ರಸ್ತೆಯ ಅಂಚಿನಲ್ಲಿ ಜೀಪಿನ ಬಾನೆಟ್ಟಿನ ಮೇಲೆ ನಮೂನೆಯಿಟ್ಟು ಗ್ರಾಂಗಳವರೆಗೆ ತೂಕ ಬರೆಯುತ್ತಿದ್ದವರನ್ನು ನೋಡಿ ಹೊಲದೊಡೆಯನು ಕೇಳಿದನು: “ಸಾಹೇಬ್ರ, ತಾವು ಹೊಲಾ ನೋಡಾಕ ಬಂದೀರ್ಯೋ, ಹಾಳಿ ನೋಡಾಕ ಬಂದೀರ್ಯೋ?” ಪ್ರಶ್ನೆಗೆ ನಮೂನೆಯಲ್ಲಿ ಅಂಕಣವಿಲ್ಲದ ಕಾರಣ ಉತ್ತರ ದೊರೆಯಲಿಲ್ಲ. ಆ ವರ್ಷ ಅವನಿಗೆ ಪರಿಹಾರವೂ ದೊರೆಯಲಿಲ್ಲ.

ಚತುರ್ಥ ಪ್ರಕರಣ: ವಿದ್ವನ್ಮಾಪನ

ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಪಾಂಡಿತ್ಯಕ್ಕೆ ಅಂಕಗಳನ್ನು ಗೊತ್ತುಪಡಿಸಿತು. ಒಂದು ಪ್ರಬಂಧವನ್ನು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಓದಿದರೆ 10, ರಾಷ್ಟ್ರೀಯದಲ್ಲಿ 7.5, ರಾಜ್ಯಮಟ್ಟದಲ್ಲಿ 5, ಸ್ಥಳೀಯವಾಗಿ ಓದಿದರೆ 3. ಎಂದಮೇಲೆ, ಹುಲಗೂರಿನ ಮಣ್ಣಿನ ವಿಷಯವಾದ ಒಂದು ಯಥಾರ್ಥ ವಾಕ್ಯವನ್ನು, ಅದು ಯಥಾರ್ಥವೋ ಅಲ್ಲವೋ ಎಂದು ಹೇಳಬಲ್ಲ ಹುಲಗೂರಿನವರ ಮುಂದೆ ಹೇಳಿದರೆ 3. ಹುಲಗೂರು ಯಾವ ದಿಕ್ಕಿಗಿದೆಯೆಂದರಿಯದವರ ಮುಂದೆ ಹೇಳಿದರೆ 10. ದಶಾಂಶನಿಯಮಕ್ಕೆ ಇದಕ್ಕಿಂತ ಪ್ರಬಲವಾದ ಸಮರ್ಥನೆ ಬೇಕಿಲ್ಲ. ಆ ನಿಯಮಾವಳಿಯನ್ನು 2018ರಲ್ಲಿ ಬದಲಿಸಿದರು. ಅಂಕ ಎಣಿಸುವ ಚಟ ಮಾತ್ರ ಬದಲಾಗಲಿಲ್ಲ. ಲೇಖನಗಳ ಸಂಖ್ಯೆಯನ್ನೂ ಅವುಗಳ ಉಲ್ಲೇಖಗಳನ್ನೂ ಒಂದೇ ಅಂಕೆಯಲ್ಲಿ ಅಡಗಿಸುವ ಎಚ್-ಸೂಚ್ಯಂಕವನ್ನು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ತನ್ನ ಶಾಸ್ತ್ರದವರಿಗಾಗಿ ಸೂಚಿಸಿದನು. ಈಗ ಅದನ್ನು ಹಳಗನ್ನಡದ ಪಂಡಿತನ ಕೊರಳಿಗೂ ಕಟ್ಟುತ್ತಾರೆ.

ಇದೇ ತಾಲೂಕಿನ ಬಾಡದ ಕನಕದಾಸರನ್ನು ಈ ಮಾನದಿಂದ ಅಳೆದು ನೋಡೋಣ. ಅವರ ‘ರಾಮಧಾನ್ಯಚರಿತೆ’ಯಲ್ಲಿ ಶ್ರೇಷ್ಠತೆಗಾಗಿ ಜಗಳವಾಡಿದ ನೆಲ್ಲನ್ನೂ ರಾಗಿಯನ್ನೂ ರಾಮನು ಆರು ತಿಂಗಳು ಸೆರೆಯಲ್ಲಿಡಿಸಿ, ಅವಧಿ ಮುಗಿದ ಬಳಿಕ ಯಾವುದು ಕುಂದಿತು, ಯಾವುದು ಕುಂದಲಿಲ್ಲವೆಂದು ನೋಡಿ ತೀರ್ಪು ಕೊಡುತ್ತಾನೆ. ಎರಡಕ್ಕೂ ಸಮಾನ ಪರಿಸ್ಥಿತಿ, ನಿಶ್ಚಿತ ಅವಧಿ, ಎಲ್ಲರ ಕಣ್ಣೆದುರಿನ ಫಲಿತಾಂಶ: ಇದಕ್ಕಿಂತ ನ್ಯಾಯವಾದ ಮೌಲ್ಯಮಾಪನವನ್ನು ನಾನು ಕಂಡಿಲ್ಲ. ಆದರೆ ಗ್ರಂಥಕ್ಕೆ ಐಎಸ್‌ಬಿಎನ್ ಇಲ್ಲ, ಅಂಕ ಸೊನ್ನೆ. ಶಿಶುನಾಳದ ಶರೀಫರ (1819-1889) ಜನನಕ್ಕೆ ಹುಲಗೂರಿನ ಖಾದರ ಷಾವಲಿಯವರ ಅನುಗ್ರಹವೇ ಕಾರಣವೆಂದು ಜನ ನಂಬುತ್ತಾರೆ. ಅವರ ತತ್ವಪದಗಳು ಜನರ ಬಾಯಿಂದ ಬಾಯಿಗೆ ಬಂದವು. ಪರಿಶೀಲಿತ ಪತ್ರಿಕೆಯಿಂದ ಬರಲಿಲ್ಲ. ಸೊನ್ನೆ.

ಪಂಚಮಾದಿ ಪ್ರಕರಣಗಳು

ಐದನೆಯದಾದ ಸಂಸ್ಥಾಮಾಪನದಲ್ಲಿ ನಾಲ್ಕಕ್ಕೆ 3.51 ಪಡೆದ ವಿದ್ಯಾಲಯಕ್ಕೂ 3.50 ಪಡೆದುದಕ್ಕೂ ಶ್ರೇಣಿ ಬೇರೆಯಾಗುತ್ತಿದ್ದುದನ್ನು ವಿಸ್ತರಿಸಬೇಕೆಂದಿದ್ದೆನು. ಬೇಡ. ಉಳಿದ ಮೂರನ್ನೂ ವಾಚಕರು ಊಹಿಸಿಕೊಳ್ಳಲಿ, ನನಗೆ ಸಾಕಾಗಿದೆ. ತಪಾಸಣಾ ಸಮಿತಿ ಬರುವುದೆಂದು ಮೂರು ತಿಂಗಳು ಪಾಠ ನಿಲ್ಲಿಸಿ ಕಡತಗಳಿಗೆ ಬಣ್ಣದ ಹೊದಿಕೆ ಹಚ್ಚಿದ ಅಧ್ಯಾಪಕರನ್ನು ನಾನು ಬಲ್ಲೆ. ‘ಬೋಧನೆಯ ಗುಣಮಟ್ಟ’ ಎಂಬ ಕಡತವೇ ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನಾದುದು. ಆ ಮೂರು ತಿಂಗಳು ಮಕ್ಕಳಿಗೆ ಯಾರೂ ಏನನ್ನೂ ಕಲಿಸಲಿಲ್ಲ. ಇದರಲ್ಲಿ ನಗತಕ್ಕದ್ದೇನಿದೆ?

ನಮ್ಮ ಕಣಗಳಲ್ಲಿ ರಾಶಿಯನ್ನು ಅಳೆಯುವಾಗ ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ಸಂತೆಯಲ್ಲಿ ಸೇರು ತುಂಬಿ ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದರು. ಕೈ ತಪ್ಪೀತು, ಸೇರು ಜಜ್ಜಿಹೋಗಿದ್ದೀತು, ಆ ತಪ್ಪಿನ ಭಾರವು ಕೊಳ್ಳುವವನ ಮೇಲೆ ಬೀಳದಿರಲಿ ಎಂಬ ವಿವೇಕವು ಆ ಹಿಡಿಯಲ್ಲಿದ್ದಿತು. ಸಂಖ್ಯಾಶಾಸ್ತ್ರಜ್ಞನೂ ತನ್ನ ಅಂಕೆಯ ಪಕ್ಕದಲ್ಲಿ ಸಂಭವನೀಯ ದೋಷವೆಷ್ಟೆಂದು ಬರೆದೇ ಬರೆಯುತ್ತಾನೆ. ಆ ದೋಷದ ಅಂಕಣವನ್ನು ಅಳಿಸಿದವರು ಕಚೇರಿಗಳವರು. ಅಳತೆಯ ತಪ್ಪೆಲ್ಲವೂ ಅಳೆಯಲ್ಪಟ್ಟವನ ತಲೆಯ ಮೇಲೆ ಬೀಳುವ ಏರ್ಪಾಡಿಗೆ ಶಾಸ್ತ್ರವೆಂದು ಹೆಸರಿಡುವುದು ಅನ್ಯಾಯ.

ಆದಕಾರಣ ಅಧಿಕಾರದಲ್ಲಿರುವ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಕಟಾವು ಪ್ರಯೋಗವು ಯಾವ ದಿನ, ಯಾವ ಸರ್ವೆ ನಂಬರಿನಲ್ಲಿ ನಡೆಯುವುದೆಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಮುಂಗಡವಾಗಿ ಬರೆಯಿಸಿರಿ. ತೂಗುವಾಗ ಹೊಲದೊಡೆಯನನ್ನೂ ನೆರೆಹೊರೆಯ ರೈತರನ್ನೂ ಕರೆಯಿರಿ. ಬಂದ ತೂಕವನ್ನು ಅದೇ ಗೋಡೆಯ ಮೇಲೆ ಅದೇ ದಿನ ಬರೆಯಿಸಿರಿ. ಇದಕ್ಕೆ ಸಮಿತಿ ಬೇಕಿಲ್ಲ, ಸೂಚ್ಯಂಕ ಬೇಕಿಲ್ಲ; ಒಂದು ಹಗ್ಗ, ಒಂದು ತಕ್ಕಡಿ ಮತ್ತು ಒಂದು ತುಂಡು ಸೀಮೆಸುಣ್ಣ ಸಾಕು.