ಮೈಕು ಸಿಕ್ಕ ನೆಂಟರು

ಮೈಸೂರಿನ ಛತ್ರ. 1975ರ ಕಾರ್ತಿಕದಲ್ಲಿ ಮದುವೆಯಾದವರಿಗೆ ಸುವರ್ಣ ಸಂಭ್ರಮ. ಮೈಕು ಸೋದರಮಾವನ ಕೈಗೆ ಸಿಕ್ಕಿದೆ. ಬಿಡಿಸಿಕೊಳ್ಳುವ ಧೈರ್ಯ ಯಾರಿಗೂ ಇಲ್ಲ.

ಸೋದರಮಾವ: ಆಗ ತುರ್ತು ಪರಿಸ್ಥಿತಿ. ಸಕ್ಕರೆಗೆ ರೇಷನ್ ಕಾರ್ಡು ಹಿಡಿದು ನಿಲ್ಲಬೇಕಿತ್ತು. ಆದರೂ ಚಿರೋಟಿ ಹಾಕಿಸಿದೆವು!

ಗಂಡಿನ ಅಕ್ಕ: ಹಾಕಿಸಿದಿರಿ. ನಮ್ಮ ಪಂಕ್ತಿಗೆ ಬರುವಷ್ಟರಲ್ಲಿ ಬರೀ ಪುಡಿ.

ಸೋದರಮಾವ: ವರನಿಗೆ ಎಚ್‌ಎಂಟಿ ವಾಚು ಕೊಡಲಿಲ್ಲವೇ?

ಗಂಡಿನ ಅಕ್ಕ: ಕೊಟ್ಟಿರಿ, ಆರತಕ್ಷತೆ ಮುಗಿದ ಮೇಲೆ. ಆಲ್ಬಮ್ ತೆಗೆಸಿ ನೋಡಿ. ಕಪ್ಪು ಬಿಳುಪು ಫೋಟೊದಲ್ಲೂ ಮಣಿಕಟ್ಟು ಬೋಳೆಂದು ಎದ್ದು ಕಾಣುತ್ತದೆ.

ವರನ ಗೆಳೆಯ: ಈ ಮದುವೆ ಎಂದರೆ ನನಗೆ ನೆನಪಾಗುವುದು ನನ್ನ ಹೊಸ ಚಪ್ಪಲಿ. ಛತ್ರದ ಬಾಗಿಲಲ್ಲಿ ಬಿಟ್ಟೆ, ಅಷ್ಟೇ!

ಮೊಮ್ಮಗಳು: ಅಜ್ಜಿ ತಾತನ ಬಗ್ಗೆ ಯಾರಾದರೂ ಹೇಳ್ತೀರಾ?

ಸೋದರಮಾವ: ಅವರದೇನಿದೆಯಮ್ಮ ಹೇಳೋಕೆ? ಚೆನ್ನಾಗೇ ಇದ್ದಾರಲ್ಲ!

(ಜಗಳವಾಡದ ದಂಪತಿಯಿಂದ ನೆಂಟರಿಗೆ ಆಗುವ ನಷ್ಟ ಸಣ್ಣದಲ್ಲ.)

ತಾತ: ಒಂದು ನಿಮಿಷ, ಆ ಮೈಕು ಇಲ್ಲಿ...

ಅಜ್ಜಿ: ರೀ, ಸುಮ್ಮನಿರಿ. ಎಲೆ ಹಾಕಿದ್ದಾರೆ, ಏಳಿ.

ಸಭೆ ಒಂದೇ ಏಟಿಗೆ ಎದ್ದಿತು. ನಿಮ್ಮ ಮನೆಯಲ್ಲೂ ಇಂಥ ಸಮಾರಂಭವಿದ್ದರೆ ದಯವಿಟ್ಟು ಊಟ ಮೊದಲು ಬಡಿಸಿ, ಮೈಕು ಆಮೇಲೆ ಕೊಡಿ.