ಜಿಮ್ನೇಷಿಯಂ ಬಾಗಿಲು

"ಮೊಮ್ಮಗನಿಗೆ ಜಿಮ್ನೇಷಿಯಂ ಸಿಕ್ಕಿತಂತೆ ಕಣೇ" ಎನ್ನುತ್ತಾ ಪಕ್ಕದ ಮನೆಯ ಅಕ್ಕ ಕಾಂಪೌಂಡಿನಾಚೆಯಿಂದ ಮೈಸೂರುಪಾಕಿನ ತಟ್ಟೆ ಚಾಚಿದರು. ಅವರ ಮಗ, ಸೊಸೆ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. "ನಾಲ್ಕನೇ ಕ್ಲಾಸು ಮುಗಿಸಿದ ಮಗು ಜಿಮ್ ಸೇರಿದರೆ ಇಷ್ಟು ಸಂಭ್ರಮ ಯಾಕೆ? ಫೋನಿನಲ್ಲಿ ನನ್ನ ಸೊಸೆ ಅತ್ತೇಬಿಟ್ಟಳು" ಎಂದರು. ಇಬ್ಬರಿಗೂ ಬಿಡುವಿತ್ತು, ಮಾತು ಎಲ್ಲೆಲ್ಲಿಗೋ ಹೋಯಿತು.

ಜರ್ಮನಿಯಲ್ಲಿ ಜಿಮ್ನೇಷಿಯಂ ಎಂದರೆ ಶಾಲೆ. ಅವರ ಬಾಯಲ್ಲಿ ಅದು ಗ್ಯುಮ್ನಾಜಿಯುಮ್. ಅಲ್ಲಿ ಓದಿ ಆಬಿಟೂರ್ ಪರೀಕ್ಷೆ ಪಾಸು ಮಾಡಿದವರಿಗೆ ವಿಶ್ವವಿದ್ಯಾಲಯದ ದಾರಿ ನೇರ. ಬಹುಪಾಲು ರಾಜ್ಯಗಳಲ್ಲಿ ನಾಲ್ಕನೇ ತರಗತಿಯ ಕೊನೆಗೇ ಯಾವ ಮಗು ಯಾವ ಬಗೆಯ ಶಾಲೆಗೆ ಎಂದು ಗೊತ್ತಾಗಿಬಿಡುತ್ತದೆ. ಸೊಸೆ ಅತ್ತದ್ದು ಅದಕ್ಕೆ.

"ಹಾಗಾದರೆ ಡಂಬೆಲ್ ಎತ್ತುವ ಕಡೆಗೂ ಇದಕ್ಕೂ ಒಂದೇ ಹೆಸರು ಹೇಗೆ ಬಂತು?" ಎಂದು ಕೇಳಿದರು ಅಕ್ಕ.

ಬೇರು ಗ್ರೀಕ್. ಗುಮ್ನೋಸ್ ಎಂದರೆ ಬೆತ್ತಲೆ. ಗ್ರೀಕ್ ಗಂಡಸರು ಬೆತ್ತಲೆ ಮೈಗೆ ಆಲಿವ್ ಎಣ್ಣೆ ಹಚ್ಚಿಕೊಂಡು ಓಡುತ್ತಿದ್ದರು, ಕುಸ್ತಿ ಆಡುತ್ತಿದ್ದರು. ನಮ್ಮ ಗರಡಿಮನೆಯ ಹಾಗೆ ಅಲ್ಲಿಯೂ ಮೈತುಂಬ ಮಣ್ಣು. ಆಟ ಮುಗಿದ ಮೇಲೆ ಎಣ್ಣೆ, ಮಣ್ಣು, ಬೆವರು ಎಲ್ಲವನ್ನೂ ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುವುದು. ಆ ಜಾಗವೇ ಗುಮ್ನಾಸಿಯೋನ್. ಅಲೆಕ್ಸಾಂಡರನ ಕಡೆಯವರು ತಕ್ಷಶಿಲೆಯಲ್ಲಿ ಬಟ್ಟೆ ತೊಡದ ನಮ್ಮ ತಪಸ್ವಿಗಳನ್ನು ಕಂಡರಲ್ಲ, ಅಂಥವರಿಗೆ ಗ್ರೀಕರು ಇಟ್ಟ 'ಜಿಮ್ನೊಸಾಫಿಸ್ಟ್' ಎಂಬ ಹೆಸರಿನಲ್ಲೂ ಇದೇ ಗುಮ್ನೋಸ್ ಇದೆ: ಬೆತ್ತಲೆ ಜ್ಞಾನಿಗಳು.

"ಬೆತ್ತಲೆ ಗರಡಿಗೆ ಪುಸ್ತಕ ಯಾಕೆ ಬಂತು?" ಅಕ್ಕ ಬಿಡುವವರಲ್ಲ.

ನನಗೆ ತುಂಬ ಇಷ್ಟವಾದ ಭಾಗವೇ ಅದು. ಅಥೆನ್ಸಿನ ಗೋಡೆಯಾಚೆ ಮೂರು ದೊಡ್ಡ ಜಿಮ್ನೇಷಿಯಂ ಇದ್ದವು: ಅಕಾಡೆಮಿ, ಲೈಸಿಯಂ, ಕೈನೋಸಾರ್ಜಿಸ್. ಮರಗಳ ನೆರಳು, ಓಟದ ದಾರಿ, ಕಂಬಸಾಲಿನ ಪಡಸಾಲೆ, ದಣಿದು ಕೂತ ಹುಡುಗರು. ಮಾತಾಡುವವನಿಗೆ ಇನ್ನೇನು ಬೇಕು? ಸಾಕ್ರಟೀಸ್ ಇಲ್ಲೆಲ್ಲ ಅಲೆಯುತ್ತಿದ್ದ. ಪ್ಲೇಟೋವಿನ 'ಲೈಸಿಸ್' ಸಂವಾದ ಶುರುವಾಗುವುದೇ ಅವನು ಅಕಾಡೆಮಿಯಿಂದ ಲೈಸಿಯಂ ಕಡೆಗೆ ನಡೆದು ಹೋಗುವಾಗ. ಮುಂದೆ ಕ್ರಿ.ಪೂ. 387ರ ಸುಮಾರಿಗೆ ಪ್ಲೇಟೋ ಅಕಾಡೆಮಿಯ ಬಳಿ ಪಾಠ ಶುರುಮಾಡಿದ, ಕ್ರಿ.ಪೂ. 335ರಲ್ಲಿ ಅರಿಸ್ಟಾಟಲ್ ಲೈಸಿಯಂನಲ್ಲಿ. ತತ್ವಶಾಸ್ತ್ರ ಹೀಗೆ ಕುಸ್ತಿಯ ಮಗ್ಗುಲಲ್ಲೇ ಬೆಳೆಯಿತು.

ಆಮೇಲೆ ಯೂರೋಪು ಈ ಆಸ್ತಿಯನ್ನು ಪಾಲು ಮಾಡಿಕೊಂಡಿತು. ಇಂಗ್ಲಿಷಿಗೂ ಸ್ಪ್ಯಾನಿಷಿಗೂ ಮೈ ಬಂತು, ಜರ್ಮನಿಗೂ ಸ್ವೀಡನ್ನಿಗೂ ಪುಸ್ತಕ. ಫ್ರಾನ್ಸಿನ 'ಜಿಮ್ನಾಸ್' ವ್ಯಾಯಾಮದ ಹಾಲ್. ಓದಿಗೆ ಅವರು ಅರಿಸ್ಟಾಟಲನ ಲೈಸಿಯಂ ಹೆಸರು ಹಿಡಿದು 'ಲಿಸೇ' ಎಂದರು. ಆದರೆ ಅದೇ ಫ್ರೆಂಚ್ ಆಡುವ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಜಿಮ್ನಾಸ್ ಎಂದರೆ ಕಾಲೇಜಿಗೆ ಮುಂಚಿನ ಶಾಲೆ. ಇಟಲಿಯವರು 'ಜಿನ್ನಾಸಿಯೊ'ವನ್ನು ಶಾಲೆಗೆ ಕೊಟ್ಟು, ಗ್ರೀಕರ ಕುಸ್ತಿ ಅಂಗಳದ ಹೆಸರಾದ 'ಪಲೆಸ್ತ್ರ'ವನ್ನು ಜಿಮ್‌ಗೆ ಇಟ್ಟುಕೊಂಡರು. ಖುದ್ದು ಗ್ರೀಸಿನಲ್ಲೇ ಇವತ್ತು ಮಕ್ಕಳು ಮೂರು ವರ್ಷ ಗಿಮ್ನಾಸಿಯೊ, ಮತ್ತೆ ಮೂರು ವರ್ಷ ಲಿಕಿಯೊ ಓದುತ್ತಾರೆ. ಕಸರತ್ತಿಗೆ ಹೋಗುವುದು ಗಿಮ್ನಾಸ್ತಿರಿಯೊಗೆ.

ಜರ್ಮನಿಯ ಪಾಲು 1538ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯೊಹಾನೆಸ್ ಸ್ಟುರ್ಮ್ ಕಟ್ಟಿದ ಲ್ಯಾಟಿನ್ ಶಾಲೆಯಿಂದ ಗಟ್ಟಿಯಾಯಿತು. ಮೈಯ ಕೆಲಸಕ್ಕೆ ಅಲ್ಲಿ ಬೇರೆ ಮಾತೇ ಹುಟ್ಟಬೇಕಾಯಿತು. 1811ರಲ್ಲಿ ಬರ್ಲಿನ್ನಿನ ಹಾಸನ್‌ಹೈಡೆ ಬಯಲಲ್ಲಿ ಫ್ರೀಡ್ರಿಖ್ ಲುಡ್ವಿಗ್ ಯಾನ್ ಹುಡುಗರಿಗೆ ಕಂಬ, ಹಗ್ಗ ಹತ್ತಿಸತೊಡಗಿದಾಗ ಗ್ರೀಕ್ ಹೆಸರು ಬೇಡವೆಂದು 'ಟುರ್ನೆನ್' ಎಂದು ಕರೆದ. ಅದು ಅಪ್ಪಟ ಜರ್ಮನ್ ಎಂಬುದು ಅವನ ನಂಬಿಕೆ, ಬೇರು ನೋಡಿದರೆ ಲ್ಯಾಟಿನ್. ದೇಶಾಭಿಮಾನ ತುಂಬಿದ ಈ ಹುಡುಗರ ಗುಂಪಿಗೆ ಹೆದರಿ ಪ್ರಷ್ಯಾದ ದೊರೆ ಟುರ್ನೆನ್ ಅನ್ನು 1820ರಲ್ಲಿ ನಿಷೇಧಿಸಿದ. ನಿಷೇಧ ತೆರವಾದದ್ದು 1842ರಲ್ಲಿ.

ಅರ್ಥ ಹೀಗೆ ಮೈಯಿಂದ ಪುಸ್ತಕಕ್ಕೆ ಹೋಯಿತು ಸರಿ. ಬಾಗಿಲು ಕಾಯುವ ಅಭ್ಯಾಸ ಮಾತ್ರ ಹೋಗಲಿಲ್ಲ. ಮ್ಯಾಸಿಡೋನಿಯದ ಬೆರೋಯ ಊರಿನಲ್ಲಿ ಕ್ರಿ.ಪೂ. 2ನೇ ಶತಮಾನದ ಒಂದು ಕಲ್ಲು ಸಿಕ್ಕಿದೆ. ಜಿಮ್ನೇಷಿಯಂನಲ್ಲಿ ಯಾರು ಬಟ್ಟೆ ಕಳಚಕೂಡದು ಎಂದು ಅದರಲ್ಲಿ ಕೊರೆದಿದ್ದಾರೆ. ಗುಲಾಮ, ಬಿಡುಗಡೆ ಪಡೆದ ಗುಲಾಮ, ಅವರ ಮಕ್ಕಳು, ಸಂತೆಬೀದಿಯ ಕಸುಬಿನವರು, ಕುಡಿದವರು, ಹುಚ್ಚರು. ಹೆಂಗಸರ ಮಾತೇ ಇಲ್ಲ. ಎರಡು ಸಾವಿರ ವರ್ಷ ಕಳೆದ ಮೇಲೆ, 1887ರಲ್ಲಿ, ರಷ್ಯಾದ ಶಿಕ್ಷಣ ಮಂತ್ರಿ ದೆಲ್ಯಾನೊವ್ ಒಂದು ಸುತ್ತೋಲೆ ಹೊರಡಿಸಿದ. ಗಾಡಿ ಹೊಡೆಯುವವರು, ಅಡುಗೆಯವರು, ಬಟ್ಟೆ ಒಗೆಯುವವರು, ಸಣ್ಣ ಅಂಗಡಿಯವರ ಮಕ್ಕಳು ತೀರಾ ಅಸಾಧಾರಣ ಜಾಣರಲ್ಲದಿದ್ದರೆ ಗಿಮ್ನಾಜಿಯಕ್ಕೆ, ಅಂದರೆ ಅಲ್ಲಿನ ಜಿಮ್ನೇಷಿಯಂ ಶಾಲೆಗೆ, ಬೇಡ ಎಂದು. ಜನ ಅದನ್ನು 'ಅಡುಗೆಯವಳ ಮಕ್ಕಳ ಸುತ್ತೋಲೆ' ಎಂದೇ ಕರೆದರು.

ಇದನ್ನು ಕೇಳಿ ಅಕ್ಕನ ಮುಖ ಸಪ್ಪಗಾಯಿತು. "ನಮ್ಮಮ್ಮ ನಾಲ್ಕು ಮನೆಯ ಅಡುಗೆ ಮಾಡಿ ನಮ್ಮನ್ನು ಓದಿಸಿದಳು ಕಣೇ" ಎಂದರು. ಆ ಸುತ್ತೋಲೆಯ ಕ್ರೌರ್ಯ ಇದಕ್ಕಿಂತ ಚೆನ್ನಾಗಿ ನನಗೆ ತಿಳಿದದ್ದಿಲ್ಲ. ಹೆಣ್ಣುಮಕ್ಕಳನ್ನು ಆಬಿಟೂರ್‌ಗೆ ಸಿದ್ಧಮಾಡುವ ಜರ್ಮನಿಯ ಮೊದಲ ಜಿಮ್ನೇಷಿಯಂ ಕಾರ್ಲ್ಸ್‌ರೂಹೆಯಲ್ಲಿ ಬಾಗಿಲು ತೆರೆದದ್ದು 1893ರಲ್ಲಿ. ಅಲ್ಲಿಯವರೆಗೂ ಅಡುಗೆಯವಳ ಮಗಳಿರಲಿ, ಅಧಿಕಾರಿಯ ಮಗಳಿಗೂ ಆ ಬಾಗಿಲಿರಲಿಲ್ಲ.

ಇವತ್ತಿನ ಜರ್ಮನ್ ಶಾಲೆ ಹಾಗಿಲ್ಲ, ಸರಿ. ಆದರೂ ಹತ್ತು ವರ್ಷದ ಮಗುವನ್ನು ಅಳೆದು ಬೇರೆ ಮಾಡುವುದು ಬೇಗವಾಯಿತು ಎಂದೇ ನನ್ನ ಅಭಿಪ್ರಾಯ. ಆ ವಯಸ್ಸಿಗೆ ಒಂದು ಮಗು ಅರಳಿರುತ್ತದೆ, ಇನ್ನೊಂದು ಇನ್ನೂ ಕಣ್ಣು ಬಿಡುತ್ತಿರುತ್ತದೆ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಜರ್ಮನ್ ಕಲಿಯುತ್ತಿರುವ ಮಗುವಿಗಂತೂ ಇನ್ನೊಂದಿಷ್ಟು ಕಾಲ ಬೇಕು.

ಅಲ್ಲಿರುವ ನಮ್ಮ ತಂದೆತಾಯಂದಿರೇ, ನಾಲ್ಕನೇ ತರಗತಿಯಲ್ಲಿ ಆ ಬಾಗಿಲು ತೆರೆಯದಿದ್ದರೆ ಮಗುವಿನ ಮುಂದೆ ಕಣ್ಣೀರು ಹಾಕಬೇಡಿ. ಬೇರೆ ಶಾಲೆಯಲ್ಲಿ ಹತ್ತು ಮುಗಿಸಿ, ಒಳ್ಳೆಯ ಅಂಕ ತಂದು ಜಿಮ್ನೇಷಿಯಂನ ಮೇಲಿನ ತರಗತಿ ಸೇರಬಹುದು. ವೃತ್ತಿ ಕಲಿತು ಕೆಲಸ ಹಿಡಿದ ಮೇಲೂ ದುಡಿಯುತ್ತಲೇ ಸಂಜೆ ಹೊತ್ತು ಓದಿ ಆಬಿಟೂರ್ ಬರೆಯಲೆಂದು ಹಲವು ಊರುಗಳಲ್ಲಿ ಆಬೆಂಡ್‌ಗ್ಯುಮ್ನಾಜಿಯುಮ್‌ಗಳಿವೆ, ಸಂಜೆಯ ಜಿಮ್ನೇಷಿಯಂಗಳು.