ಎರರ್ ನಾಣ್ಯದಿಂದ ಲಕ್ಷಾಧೀಶರಾಗುವ ಸರಿಯಾದ ಕ್ರಮ

ಮೊದಲು ಮನೆಯಲ್ಲಿರುವ ಚಿಲ್ಲರೆಯನ್ನೆಲ್ಲ ಚಾಪೆಯ ಮೇಲೆ ಸುರುವಿಕೊಳ್ಳಿ. ಮಕ್ಕಳ ಹುಂಡಿ, ಸಾಸಿವೆ ಡಬ್ಬಿ, ಹರಕೆಗೆ ಕಟ್ಟಿಟ್ಟದ್ದು, ಯಾವುದನ್ನೂ ಬಿಡಬೇಡಿ. ಭೂತಗನ್ನಡಿ ಮಾತ್ರ ಹಿಡಿಯಬೇಡಿ. ಸವೆದದ್ದು ಯಾವುದು, ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ‘ಎರರ್’ ಯಾವುದು ಎಂದು ಗೊತ್ತಾಗಿಬಿಡುತ್ತದೆ.

ಇಸವಿಯ ಕೆಳಗೆ ನೋಡಿ. ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರವಿದ್ದರೆ ಹೈದರಾಬಾದ್, ವಜ್ರದಾಕೃತಿಯಿದ್ದರೆ ಮುಂಬಯಿ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ ಎಂದು ಬಲ್ಲವರು ಹೇಳುತ್ತಾರೆ. ಹೇಳಲಿ. ಕೋಲ್ಕತ್ತದವನ್ನೆಲ್ಲ ‘ಗುರುತು ಬಿಟ್ಟುಹೋದ ಅಪರೂಪದ ಎರರ್’ ಎಂದು ಬೇರೆ ಡಬ್ಬಿಗೆ ಹಾಕಿ. ಮಧ್ಯಾಹ್ನದೊಳಗೆ ಡಬ್ಬಿ ತುಂಬುತ್ತದೆ. ಅಪರೂಪದ್ದು ಇಷ್ಟೊಂದು ಹೇಗೆ ಸಿಕ್ಕಿತು ಎಂದು ಯೋಚಿಸಬೇಡಿ, ಯೋಗ ಎನ್ನಿ.

ಮುಂದಿನದು ಮಗುಚುವ ಪರೀಕ್ಷೆ. ಈಗಿನ ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಹಿಂಬದಿಯೂ ನೇರವಾಗಿಯೇ ಕಾಣಬೇಕು. ಯಂತ್ರದಲ್ಲಿ ಅಚ್ಚು ಸಡಿಲಗೊಂಡು ತಿರುಗಿದ್ದರೆ ಓರೆಯಾಗಿ ಕಾಣುತ್ತದೆ, ಅದು ನಿಜವಾದ ದೋಷ. ಅಷ್ಟು ರಗಳೆ ಏಕೆ? ಮೇಲಿನಿಂದ ಕೆಳಕ್ಕೆ ಮಗುಚಿ. ಎಲ್ಲವೂ ತಲೆಕೆಳಗಾಗಿ ಕಾಣುತ್ತವೆ.

ಈಗ ‘ಲಖಿ’ಗೆ ಬನ್ನಿ. ಕಸುಬಿನ ಹೃದಯ ಇರುವುದೇ ಇಲ್ಲಿ. ಅಚ್ಚೊತ್ತಿದ ನಾಣ್ಯ ಕೆಲವೊಮ್ಮೆ ಉದುರದೆ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಗೆ ತಾನೇ ಅಚ್ಚಾಗಿಬಿಡುತ್ತದೆ. ಆಗ ಆ ಬಿಲ್ಲೆಯ ಒಂದು ಬದಿಯಲ್ಲಿ ಚಿತ್ರ ಎಂದಿನಂತೆ ಉಬ್ಬಿರುತ್ತದೆ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ತಿರುಗುಮುರುಗಾಗಿ ತಗ್ಗಿನಲ್ಲಿ ಮೂಡುತ್ತದೆ. ಲಕ್ಷಕ್ಕೊಂದು ಹೀಗೆ ಹುಟ್ಟುತ್ತದೆ, ಇಟ್ಟುಕೊಂಡವರ ಮನೆಗೆ ಲಕ್ಷ್ಮಿ ಬರುತ್ತಾಳೆ ಎಂಬ ನಂಬಿಕೆಯಿದೆ. ಲಕ್ಷ ನಾಣ್ಯ ಕಾಯುತ್ತ ಕೂರಬೇಡಿ. ಎರಡು ನಾಣ್ಯಗಳನ್ನು ಒಂದಕ್ಕೊಂದು ಒತ್ತಿ ಗ್ಯಾರೇಜಿನ ವೈಸಿನಲ್ಲಿ ಬಿಗಿಸಿ. ಮೊದಲಿದ್ದ ಚಿತ್ರ ಚಪ್ಪಟೆಯಾಗಿ ಅಡಿಯಲ್ಲೇ ಉಳಿದು ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಫೋಟೊವನ್ನು ಸಂಜೆ ಹೊತ್ತು, ಕೈ ಸ್ವಲ್ಪ ನಡುಗಿಸಿ ತೆಗೆಯಿರಿ. 2011ರ ನಾಣ್ಯ ಕಾಯ್ದೆ ನಾಣ್ಯವನ್ನು ಕರಗಿಸಬಾರದು, ನಾಶ ಮಾಡಬಾರದು ಎನ್ನುತ್ತದೆ. ಬಿಗಿಸುವುದು ನಾಶವಲ್ಲ ಎಂದು ವಾದಿಸಬಲ್ಲ ವಕೀಲರೊಬ್ಬರನ್ನು ನೋಡಿಟ್ಟುಕೊಳ್ಳಿ.

ಹತ್ತು ರೂಪಾಯಿಯ ನಡುವಿನ ಬಿಲ್ಲೆಯನ್ನು ಬಡಿದು ಕಳಚಿ, ತಿರುಗಿಸಿ ಕೂರಿಸಿ. ಸರಿಯಿದ್ದಾಗಲೂ ಅಂಗಡಿಯವರು ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ, ನಿಮಗೇನೂ ನಷ್ಟವಿಲ್ಲ.

ಬೆಲೆ ಕಟ್ಟುವಾಗ ಹರಾಜಿನಲ್ಲಿ ನಿಜವಾಗಿ ಮಾರಿಹೋದ ದರದ ಕಡೆ ತಲೆ ಹಾಕಬೇಡಿ. ಯಾರೂ ಕೊಳ್ಳದೆ ಇನ್ನೂ ಮಾರಾಟಕ್ಕೇ ಕೂತಿರುವ ನಾಣ್ಯದ ದರ ನೋಡಿ, ಅದಕ್ಕೆ ಒಂದು ಸೊನ್ನೆ ಸೇರಿಸಿ. ಗಿರಾಕಿ ಹಿಂಜರಿದರೆ 1911ರ ಐದನೆಯ ಜಾರ್ಜ್ ರೂಪಾಯಿಯ ಕಥೆ ಹೇಳಿ: ದೊರೆಯ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡು, ಗದ್ದಲವೆದ್ದು, ಸರ್ಕಾರ ಆ ನಾಣ್ಯಗಳಲ್ಲಿ ಬಹುಪಾಲನ್ನು ಕರಗಿಸಬೇಕಾಯಿತು. ಅದು ಚಿತ್ರ ಕೆತ್ತಿದವನ ತಪ್ಪು, ಟಂಕಸಾಲೆಯದಲ್ಲ, ನಿಮ್ಮ ನಾಣ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಹೇಳಿ. ಕಥೆ ಕೇಳುವಾಗ ಗಿರಾಕಿ ನಾಣ್ಯ ನೋಡುವುದಿಲ್ಲ.

ಇಷ್ಟಾದ ಮೇಲೆ ರಿಸರ್ವ್ ಬ್ಯಾಂಕಿನಿಂದ ಎಂದು ಯಾರೋ ಫೋನ್ ಮಾಡುತ್ತಾರೆ. ನಿಮ್ಮ ನಾಣ್ಯಕ್ಕೆ ಹನ್ನೊಂದು ಲಕ್ಷ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಆ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಅದನ್ನು ಓದಿದವರನ್ನು ಮನೆಗೆ ಸೇರಿಸಬೇಡಿ. ಶುಲ್ಕ ಕಟ್ಟಿ. ಮರುದಿನ ತೆರಿಗೆ ಎನ್ನುತ್ತಾರೆ, ಕಟ್ಟಿ. ಅದರ ಮರುದಿನ ಕಮಿಷನ್ ಎನ್ನುತ್ತಾರೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಭಾವಮೈದುನನ ಹತ್ತಿರ ಕೈಗಡ ತನ್ನಿ. ಬಡ್ಡಿಗೆ ಬದಲು ಅವನಿಗೂ ಒಂದು ಲಖಿ ಕೊಡುವುದಾಗಿ ಹೇಳಿ. ವೈಸು ಗ್ಯಾರೇಜಿನಲ್ಲೇ ಇದೆ.